ನೀರು ಸುರಿಯುವ ಕಣ್ಣೂ ಒಣಗಿರಬಹುದು

ವಸತಿನಿಲಯಗಳಲ್ಲಿದ್ದು ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ಕಣ್ಣುರಿ, ಮರಳು ಬಿದ್ದಂತಹ ಚುಚ್ಚುವಿಕೆ, ಸಂಜೆಯ ವೇಳೆಗೆ ಅಕ್ಷರಗಳು ಮಸುಕಾಗುವುದು ಮುಂತಾದ ತೊಂದರೆಗಳನ್ನು ಹೇಳಿಕೊಳ್ಳುವುದುಂಟು. ಕೆಲವರ ಕಣ್ಣುಗಳಿಂದ ನೀರೂ ಸುರಿಯುತ್ತದೆ. ಇದು ಒಣಗಣ್ಣೆಂದು ವೈದ್ಯರು ಹೇಳಿದರೆ ಹೆತ್ತವರು ಸುಲಭವಾಗಿ ನಂಬುವುದಿಲ್ಲ. ನೀರು ಸುರಿಯುವ ಕಣ್ಣು ಒಣಗುವುದಾದರೂ ಹೇಗೆ?

ಕಣ್ಣೀರೆಂದರೆ ಬರಿಯ ನೀರಲ್ಲ. ಕಣ್ಣಿನ ಮೇಲೆ ಹರಡಿರುವ ತೆಳುವಾದ ಪೊರೆಯಲ್ಲಿ ಲೋಳೆ, ನೀರು ಮತ್ತು ಎಲ್ಲಕ್ಕೂ ಮೇಲೆ ಎಣ್ಣೆಯ ಅಂಶವಿರುತ್ತದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳಿಂದ ಒಸರುವ ಈ ಎಣ್ಣೆಯೇ ನೀರು ಬೇಗನೆ ಆವಿಯಾಗದಂತೆ ಕಾಯುವುದು. ರೆಪ್ಪೆಗಳೆರಡೂ ಪೂರ್ಣವಾಗಿ ಕೂಡಿದಾಗ ಅದು ಸಮನಾಗಿ ಹರಡುತ್ತದೆ. ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ಕಣ್ಣು, ಮೊಬೈಲು ಅಥವಾ ಕಂಪ್ಯೂಟರಿನ ಪರದೆಯನ್ನು ನೋಡುವಾಗ 5ರಿಂದ 7 ಬಾರಿಗೆ ಇಳಿಯಬಹುದು. ಅವುಗಳಲ್ಲಿಯೂ ಅನೇಕವು ಅರೆಮಿಟುಕುಗಳು. ಆಗ ಪೊರೆ ಅಲ್ಲಲ್ಲಿ ಒಡೆದು, ಕೆಳಗಿನ ಕಾರ್ನಿಯಾದ ನರಗಳು ಕೆರಳಿ, ನೀರು ಒಮ್ಮೆಲೆ ಉಕ್ಕುತ್ತದೆ. ಎಣ್ಣೆಯ ಕಾವಲಿಲ್ಲದ ಆ ನೀರು ಕೆನ್ನೆಗಿಳಿಯುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲದು.

ಕಲಬುರಗಿಯ ಬೇಸಿಗೆಯಂತಹ ಒಣಹವೆ, ಮುಖಕ್ಕೆ ನೇರವಾಗಿ ಬೀಸುವ ಫ್ಯಾನು, ಕಾಂಟ್ಯಾಕ್ಟ್ ಲೆನ್ಸ್ ಇದನ್ನು ಹೆಚ್ಚಿಸುತ್ತವೆ. ಅಲರ್ಜಿಯ ಕೆಲವು ಮಾತ್ರೆಗಳೂ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಔಷಧಿಯೂ ಕಾರಣವಾಗಬಲ್ಲವು. ಇದನ್ನು ವೈದ್ಯರಿಗೆ ತಿಳಿಸಲು ಮಕ್ಕಳು ಸಂಕೋಚಪಡುತ್ತಾರೆ.

ಒಣಗುವಿಕೆಗಿಂತ ನಮಗೆ ಹೆಚ್ಚು ಭಯ ಹುಟ್ಟಿಸುವುದು ಅಂಗಡಿಯಿಂದ ತಾವೇ ಕೊಂಡು ಹಾಕಿಕೊಳ್ಳುವ ಹನಿ. ಸ್ಟೀರಾಯ್ಡ್ ಬೆರೆತ ಹನಿಯಿಂದ ಕೆಂಪು ಬೇಗನೆ ಇಳಿಯುತ್ತದೆ, ಆದುದರಿಂದಲೇ ಅದನ್ನು ಬಿಡಲು ಮನಸ್ಸಾಗದು. ತಿಂಗಳುಗಟ್ಟಲೆ ಬಳಸಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡವು ನೋವಿಲ್ಲದೆ ಏರಿ ಗ್ಲಾಕೋಮಾ ಬರುತ್ತದೆ. ಹಾಗೆ ನಷ್ಟವಾದ ದೃಷ್ಟಿ ಮರಳುವುದಿಲ್ಲ. ಜೇನು, ಎಲೆಗಳ ರಸ ಹಿಂಡುವುದೂ ಸಲ್ಲದು.

ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರವನ್ನು 20 ಸೆಕೆಂಡು ನೋಡಬೇಕೆಂಬ ನಿಯಮ ಪ್ರಸಿದ್ಧವಾಗಿದೆ. ಆ ಬಿಡುವಿನಲ್ಲಿ ಹತ್ತು ಬಾರಿ ರೆಪ್ಪೆಗಳನ್ನು ಮೃದುವಾಗಿ, ಪೂರ್ಣವಾಗಿ ಮುಚ್ಚಿ ತೆರೆಯುವುದು ಇನ್ನೂ ಮುಖ್ಯ. ಪರದೆಯು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ರೆಪ್ಪೆ ಕಡಿಮೆ ತೆರೆದು ತೇವ ಉಳಿಯುತ್ತದೆ. ಸಹಿಸುವಷ್ಟು ಬೆಚ್ಚಗಿನ ಶುಭ್ರ ವಸ್ತ್ರವನ್ನು ಮುಚ್ಚಿದ ರೆಪ್ಪೆಗಳ ಮೇಲೆ 5ರಿಂದ 10 ನಿಮಿಷ ಇರಿಸಿದರೆ ಗಟ್ಟಿಯಾದ ಎಣ್ಣೆ ಕರಗುತ್ತದೆ. ನೋವು, ಬೆಳಕು ಸಹಿಸದಿರುವುದು, ಮಿಟುಕಿದರೂ ತಿಳಿಯಾಗದ ಮಸುಕು ಇದ್ದರೆ ಪರೀಕ್ಷೆ ಮುಗಿಯಲೆಂದು ಕಾಯದೆ ನೇತ್ರವೈದ್ಯರನ್ನು ಕಾಣಬೇಕು.