ಹೆಡ್‌ಫೋನ್ ಕೊಳ್ಳುವ ಮುನ್ನ



ಭೀಮರಾಯನಗುಡಿಯಲ್ಲಿ ವ್ಯಾಸಂಗ ಮಾಡುವ ಮಕ್ಕಳು ಪಾಠ, ಪ್ರವಚನ, ಸಂಗೀತ ಎಲ್ಲವನ್ನೂ ಮೊಬೈಲಿನಲ್ಲಿಯೇ ಆಲಿಸುತ್ತಾರೆ. 500 ರೂಪಾಯಿಯೊಳಗೆ ಯಾವ ಹೆಡ್‌ಫೋನ್ ಒಳ್ಳೆಯದೆಂದು ಪಾಲಕರು ನಮ್ಮನ್ನು ಕೇಳುವುದುಂಟು. ಕಡಿಮೆ ಧ್ವನಿಯಲ್ಲಿಯೂ ಸ್ಪಷ್ಟವಾಗಿ ಕೇಳಿಸುವುದೇ ಒಳ್ಳೆಯದೆಂಬುದು ನಮ್ಮ ಉತ್ತರ.

ಅತಿಯಾದ ಶಬ್ದಶ್ರವಣವನ್ನು ಚರಕಾಚಾರ್ಯರು ‘ಅತಿಯೋಗ’ವೆಂದು ಕರೆದು ರೋಗಕಾರಣಗಳಲ್ಲಿ ಎಣಿಸಿದ್ದಾರೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟಲಾರವು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80, ಮಕ್ಕಳಿಗೆ 75 ಡೆಸಿಬಲ್ ಧ್ವನಿ ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ಪ್ರತಿ 3 ಡೆಸಿಬಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ.

ಹಣ ಮಿತವಾಗಿದ್ದರೆ ತಂತಿಯುಳ್ಳದ್ದನ್ನೇ ಕೊಳ್ಳಿರಿ. ಬ್ಯಾಟರಿ, ಬ್ಲೂಟೂತುಗಳ ವೆಚ್ಚ ಅದರಲ್ಲಿಲ್ಲ. ಅದರ ಪಿನ್ನು ನಿಮ್ಮ ಮೊಬೈಲಿಗೆ ಹೊಂದುವುದೇ ಎಂದು ಮೊದಲು ನೋಡಿರಿ. ಅಂಗಡಿಯವರು ಒಪ್ಪಿದರೆ, ಫ್ಯಾನು ತಿರುಗುತ್ತಿರುವಾಗಲೇ ಪರಿಚಿತ ವಚನಗಾಯನವೊಂದನ್ನು ಅರ್ಧ ಧ್ವನಿಯಲ್ಲಿ ಆಲಿಸಿರಿ. ಡಗ್ಗಾದ ಗಂಭೀರ ನಾದವೂ ವಚನದ ಅಕ್ಷರಗಳೂ ಬೇರೆಬೇರೆಯಾಗಿ ಕೇಳಿಸಬೇಕು. ಕಿವಿಯೊಳಗೆ ಇಡುವಂಥದ್ದಾದರೆ, ಜೊತೆಗೆ ಬರುವ ಸಣ್ಣ, ಮಧ್ಯಮ, ದೊಡ್ಡ ರಬ್ಬರುಗಳಲ್ಲಿ ಸರಿಹೊಂದುವುದನ್ನು ಆರಿಸಿರಿ. ರಬ್ಬರು ಸಡಿಲವಾದರೆ ಮಂದ್ರನಾದ ಸೋರುತ್ತದೆ, ಹೊರಗದ್ದಲ ಒಳಸೇರುತ್ತದೆ. ಆಗ ಕೈ ತಾನಾಗಿ ಧ್ವನಿಯನ್ನು ಏರಿಸುತ್ತದೆ.

ಕಿವಿ ಸೋರುವವರು ಇಂಥದ್ದನ್ನು ಬಳಸಬಾರದು. ಕಿವಿಯಲ್ಲಿ ಗುಂಯ್‌ಗುಡುವಿಕೆ ಮರುದಿನವೂ ಉಳಿದರೆ, ಸ್ವತಃ ಎಣ್ಣೆ ಹಾಕಿಕೊಳ್ಳದೆ ವೈದ್ಯರಿಗೆ ತೋರಿಸಿರಿ. ಹೆಡ್‌ಫೋನ್ ಕೆಟ್ಟರೆ ಮತ್ತೊಂದು ದೊರೆತೀತು, ಶ್ರವಣಶಕ್ತಿ ದೊರೆಯದು.