ಕುಡಿಯುವ ನೀರು ಮತ್ತು ಮಳೆಯ ಹರಿನೀರು: ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಅನುಸರಿಸತಕ್ಕ ನಿಬಂಧನೆಗಳು

ಕಪಿಲಾ ನದಿಯು ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಜಲಾಶಯವನ್ನು ದಾಟಿ, ನಂಜನಗೂಡಿನ ಬಳಿ ಗುಂಡ್ಲುಹೊಳೆಯನ್ನು ಕೂಡಿಸಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದು. ಈ ಹೊಳೆಯ ದಡಗಳಲ್ಲಿಯೂ, ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳ ಅಚ್ಚುಕಟ್ಟಿನಲ್ಲಿಯೂ ಇರುವ ಗ್ರಾಮಗಳಿಗೆ ನೀರಿನ ಅಭಾವವು ಅಷ್ಟಾಗಿ ಇಲ್ಲ. ಆದರೆ ನೀರು ಹೇರಳವಾಗಿರುವುದು ಬೇರೆ, ಅದು ಕುಡಿಯಲು ಯೋಗ್ಯವಾಗಿರುವುದು ಬೇರೆ. ಬೇಸಿಗೆಯಲ್ಲಿ ತಿಳಿಯಾಗಿ ಕಾಣುವ ಬಾವಿಯೂ ಕೊಳವೆ ಬಾವಿಯೂ ಮುಂಗಾರಿನ ಮೊದಲನೆಯ ದೊಡ್ಡ ಮಳೆಯಾದ ನಾಲ್ಕಾರು ದಿನಗಳಲ್ಲಿ ಊರಿಗೆ ವಾಂತಿಭೇದಿಯನ್ನು ತರುವುದುಂಟು. 2024ನೆಯ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ಅಸ್ವಸ್ಥರಾಗಿ, ಓರ್ವ ಯುವಕನು ಮೃತನಾದುದು ಈ ಭಾಗದ ಜನರಿಗೆ ಮರೆತಿರಲಾರದು.

ಕುಡಿಯುವ ನೀರಿಗೆ ಒಂದು ನಿಯಮ, ಹರಿದು ಹೋಗುವ ಕೊಳಕು ನೀರಿಗೆ ಇನ್ನೊಂದು ನಿಯಮ ಎಂದು ಸರ್ಕಾರದ ಕಾಗದಗಳಲ್ಲಿ ಪ್ರತ್ಯೇಕವಾಗಿ ಇರುವುದರಿಂದ, ಮೊದಲನೆಯದು ಪಂಚಾಯತಿಯ ಕೆಲಸ, ಎರಡನೆಯದು ಕಾರ್ಖಾನೆಯವರ ಕೆಲಸ, ಭೂಮಾಲೀಕರಿಗೆ ಇವೆರಡರಿಂದಲೂ ಬಾಧಕವಿಲ್ಲ ಎಂದು ಅನೇಕರು ಭಾವಿಸಿರುತ್ತಾರೆ. ಇದು ಸರಿಯಲ್ಲ. ಗ್ರಾಮದಲ್ಲಿ ಈ ಎರಡು ನೀರುಗಳ ನಡುವೆ ಅನೇಕ ವೇಳೆ ಒಂದು ತುಕ್ಕು ಹಿಡಿದ ಕೊಳಾಯಿಯ ದಪ್ಪದಷ್ಟು ಮಾತ್ರವೇ ಅಂತರವಿರುವುದು.

ಬತ್ತಿದ ಹಳ್ಳವೂ ಹೊಳೆಯೇ

1974ನೆಯ ಜಲಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣಾ ಕಾಯಿದೆಯು ಕರ್ಣಾಟಕಕ್ಕೆ ಆರಂಭದಿಂದಲೂ ಅನ್ವಯಿಸಿರುವುದು. ಅದನ್ನು ನಡೆಸುವುದಕ್ಕಾಗಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಅದೇ ವರ್ಷ ಸ್ಥಾಪಿತವಾಯಿತು. ಈ ಕಾಯಿದೆಯ 24ನೆಯ ಪ್ರಕರಣದಂತೆ ಯಾರೇ ಆಗಲಿ ವಿಷಕಾರಿಯಾದ ಅಥವಾ ಮಲಿನಗೊಳಿಸುವ ಪದಾರ್ಥವನ್ನು ತಿಳಿದೂ ಹೊಳೆಗಾಗಲಿ ಬಾವಿಗಾಗಲಿ ಭೂಮಿಯ ಮೇಲಕ್ಕಾಗಲಿ ನೇರವಾಗಿಯೋ ಪರೋಕ್ಷವಾಗಿಯೋ ಸೇರಿಸಕೂಡದು. ಸೇರುವುದಕ್ಕೆ ಬಿಡಲೂ ಕೂಡದು. "ಬಿಡಲೂ ಕೂಡದು" ಎಂಬ ಮಾತನ್ನು ಗ್ರಾಮದ ಮುಖಂಡರು ಗಮನಿಸತಕ್ಕದ್ದು. ತನ್ನ ಜಮೀನಿನ ಮೂಲಕ ಕೊಳಕು ನೀರು ಹಳ್ಳಕ್ಕೆ ಹೋಗುತ್ತಿರುವುದನ್ನು ಕಂಡೂ ಸುಮ್ಮನಿರುವವನಿಗೆ, ತಾನಾಗಿ ಏನನ್ನೂ ಸುರಿಯಲಿಲ್ಲವೆಂಬ ಸಮಾಧಾನವು ಸಾಲದು.

ಇದಕ್ಕಿಂತಲೂ ಮುಖ್ಯವಾದುದು ಹೊಳೆ ಎಂಬ ಪದಕ್ಕೆ ಕಾಯಿದೆಯು ಕೊಟ್ಟಿರುವ ಅರ್ಥ. ನದಿ ಮಾತ್ರವಲ್ಲದೆ, ನೀರು ಹರಿಯುತ್ತಿರುವ ಅಥವಾ ಸದ್ಯಕ್ಕೆ ಬತ್ತಿರುವ ಹಳ್ಳಕೊಳ್ಳಗಳೂ, ಸ್ವಾಭಾವಿಕವಾದ ಅಥವಾ ಕೃತಕವಾದ ಒಳನಾಡಿನ ಜಲಾಶಯಗಳೂ, ನೆಲದೊಳಗಿನ ಅಂತರ್ಜಲವೂ ಅದರಲ್ಲಿ ಸೇರಿರುವುವು. ವರ್ಷದಲ್ಲಿ ಎಂಟು ತಿಂಗಳು ಒಣಗಿರುವ ಊರಹಿಂದಿನ ಹಳ್ಳವನ್ನು ತಿಪ್ಪೆ ಹಾಕುವುದಕ್ಕೂ, ಸತ್ತ ಜಾನುವಾರನ್ನು ಎಸೆಯುವುದಕ್ಕೂ, ಕ್ರಿಮಿನಾಶಕದ ಖಾಲಿ ಡಬ್ಬಗಳನ್ನು ಬಿಸಾಡುವುದಕ್ಕೂ ಉಪಯೋಗಿಸುವ ವಾಡಿಕೆಯು ಹಲವು ಕಡೆ ಇದೆ. ಕಾಯಿದೆಯ ದೃಷ್ಟಿಯಲ್ಲಿ ಅದು ಕಪಿಲೆಗೇ ಹಾಕಿದಂತೆ. ಮಳೆಗಾಲದ ದೃಷ್ಟಿಯಲ್ಲಿಯೂ ಹಾಗೆಯೇ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದಲ್ಲಿ ಮಲಿನವಾದ 351 ನದೀಭಾಗಗಳನ್ನು ಗುರುತಿಸಿತು. ಅವುಗಳಲ್ಲಿ 17 ಕರ್ಣಾಟಕದವು. ಕಪಿಲೆಯಲ್ಲಿ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಭಾಗವು ಅವುಗಳಲ್ಲೊಂದು. ನೀರಿನಲ್ಲಿರುವ ಕಶ್ಮಲವು ಕೊಳೆಯುವಾಗ ಹೀರಿಕೊಳ್ಳುವ ಆಮ್ಲಜನಕವು ಲೀಟರಿಗೆ 3 ಮಿಲಿಗ್ರಾಮನ್ನು ಮೀರಿದರೆ ಆ ನೀರು ಸ್ನಾನಕ್ಕೂ ತಕ್ಕುದಲ್ಲವೆಂಬುದು ಆ ಪಟ್ಟಿಯ ಆಧಾರ. ಶ್ರೀಕಂಠೇಶ್ವರನ ಸನ್ನಿಧಿಗೆ ಬಂದವರು ಮೊದಲು ಇಳಿಯುವುದು ಈ ನೀರಿಗೆ. ಸಂಗಮದಿಂದ ಕೆಳಗೆ ಶಿವನಸಮುದ್ರದ ಸಮೀಪದಲ್ಲಿ ಪಡೆದ ಕಾವೇರಿಯ ನೀರೇ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು ಬೆಂಗಳೂರಿಗೆ ಹೋಗುವುದರಿಂದ, ನರಸೀಪುರದ ಚರಂಡಿಯ ಮಾತು ನರಸೀಪುರಕ್ಕೇ ಮುಗಿಯುವುದಿಲ್ಲ.

ಅಕ್ಕಿಯ ಗಿರಣಿ, ಅದರಲ್ಲಿಯೂ ಬತ್ತವನ್ನು ಬೇಯಿಸುವ ಗಿರಣಿ, ಇನ್ನಿತರ ಸಣ್ಣ ಕೈಗಾರಿಕೆಗಳನ್ನು ಇಟ್ಟಿರುವ ಭೂಮಾಲೀಕರು 25ನೆಯ ಪ್ರಕರಣದ ಪ್ರಕಾರ ನೀರನ್ನು ಹೊರಬಿಡುವುದಕ್ಕೆ ಮುಂಚಿತವಾಗಿ ಮಂಡಳಿಯ ಸಮ್ಮತಿಯನ್ನು ಪಡೆಯಬೇಕು. ಕೈಗಾರಿಕೆಗಳನ್ನು ವರ್ಗಗಳಾಗಿ ವಿಂಗಡಿಸಿರುವುದರಿಂದ ತಮ್ಮದು ಯಾವ ವರ್ಗಕ್ಕೆ ಸೇರಿದುದೆಂಬುದನ್ನು ಮೈಸೂರಿನ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ.

ತಿಪ್ಪೆಯ ಕಷಾಯ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1,02,800 ಲೀಟರು ನೀರಾಗುವುದು. ಒಂದು ಗುಂಟೆಗೆ ಸುಮಾರು 2,570 ಲೀಟರು. ತಿಪ್ಪೆಯೂ ಕೊಟ್ಟಿಗೆಯ ಅಂಗಳವೂ ಕೂಡಿ ಒಂದು ಗುಂಟೆಯಿದ್ದು, ಬಿದ್ದ ನೀರಿನಲ್ಲಿ ಅರ್ಧ ಭಾಗವು ಇಂಗಿದರೂ, ಮಿಕ್ಕ 1,200 ಲೀಟರಿಗಿಂತ ಹೆಚ್ಚಾದ ಕಪ್ಪು ಕಷಾಯವು ಬೀದಿಯ ಚರಂಡಿಗೆ ಇಳಿಯುವುದು. ಅಂತಹ ಮನೆಗಳು ಊರಿನಲ್ಲಿ ಮೂವತ್ತಿದ್ದರೆ ಲೆಕ್ಕವನ್ನು ಓದುವವರೇ ಹಾಕಿಕೊಳ್ಳಬಹುದು. ಈ ಕಷಾಯದಲ್ಲಿ ರೋಗಾಣುಗಳಿರುವುದು ಒಂದು ಹಾನಿ. ಸಗಣಿ ಮತ್ತು ಗಂಜಲದಲ್ಲಿ ಪೈರಿಗೆ ಬೇಕಾದ ಸಾರಜನಕದ ಬಹುಭಾಗವು ನೀರಿನಲ್ಲಿ ಕರಗುವಂತಹುದಾದ ಕಾರಣ ಗೊಬ್ಬರದ ಸಾರವೇ ಹೊರಟು ಹೋಗಿ ಹೊಲಕ್ಕೆ ಸಿಪ್ಪೆ ಮಾತ್ರ ಮುಟ್ಟುವುದು ಇನ್ನೊಂದು ಹಾನಿ. ಚರಂಡಿಗೆ ಗೊಬ್ಬರವನ್ನು ಹರಿಯಬಿಟ್ಟು ಅಂಗಡಿಯಿಂದ ಯೂರಿಯಾ ಮೂಟೆಯನ್ನು ತರುವ ರೈತನು ಒಂದೇ ಪದಾರ್ಥಕ್ಕೆ ಎರಡು ಸಲ ಬೆಲೆ ತೆತ್ತಂತಾಗುವುದು.

ಆದಕಾರಣ ತಿಪ್ಪೆಗುಂಡಿಯನ್ನು ಬಾವಿಯಿಂದಲೂ ಕೊಳವೆ ಬಾವಿಯಿಂದಲೂ ಕನಿಷ್ಠ ಪಕ್ಷ 15 ಮೀಟರು, ಅಂದರೆ 50 ಅಡಿ ದೂರದಲ್ಲಿ, ಸಾಧ್ಯವಾದಷ್ಟೂ ನೀರಿನ ಇಳಿಜಾರಿನ ಕೆಳಗಡೆ ಮಾಡತಕ್ಕದ್ದು. ಗುಂಡಿಯ ಸುತ್ತ ಒಂದು ಅಡಿ ಎತ್ತರದ ಮಣ್ಣಿನ ಏರಿಯನ್ನು ಹಾಕಿದರೆ ಹೊರಗಿನ ನೀರು ಒಳಕ್ಕೆ ಬಾರದು, ಒಳಗಿನ ರಸವು ಹೊರಕ್ಕೆ ಹೋಗದು. ಮೇಲೆ ತೆಂಗಿನ ಗರಿಯ ಚಪ್ಪರವಿದ್ದರೆ ಮತ್ತೂ ಒಳ್ಳೆಯದು. ಈ ಕೆಲಸಕ್ಕೆ ಎರಡು ಆಳುಗಳ ಒಂದು ದಿನದ ಕೂಲಿಗಿಂತ ಹೆಚ್ಚು ಖರ್ಚು ಬಾರದು. ಯುಗಾದಿ ಕಳೆದು ಮುಂಗಾರು ಕಟ್ಟುವುದರೊಳಗೆ ಇದನ್ನು ಮುಗಿಸಬೇಕು. ಮೊದಲನೆಯ ಮಳೆ ಹರಿದ ಮೇಲೆ ಮಾಡಿದರೆ ಆ ವರ್ಷದ ಅತ್ಯಂತ ಕೆಟ್ಟ ನೀರು ಆಗಲೇ ಹೊರಟುಹೋಗಿರುವುದು.

ಬತ್ತದ ಗದ್ದೆಗೆ ಯೂರಿಯಾ ಹಾಕುವಾಗ ನೀರನ್ನು ಬಸಿದು, ಗೊಬ್ಬರವನ್ನು ಹಾಕಿ, ಒಂದು ದಿನ ಬಿಟ್ಟು ನೀರನ್ನು ಕಟ್ಟಬೇಕು. ಆಮೇಲೆ ಕೆಲವು ದಿನ ತೂಬನ್ನು ತೆಗೆಯಕೂಡದು. ಮೋಡ ಕವಿದಿರುವಾಗ ಗೊಬ್ಬರವನ್ನು ಎರಚುವುದು ವ್ಯರ್ಥ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನು ಮೀರಕೂಡದೆಂದು ಭಾರತೀಯ ಮಾನಕವು ವಿಧಿಸಿದೆ. ಮೀರಿದ ನೀರಿನಲ್ಲಿ ಹಾಲು ಕಲಸಿ ಕುಡಿಸಿದ ಎಳೆಗೂಸುಗಳ ಮೈ ನೀಲಿಗಟ್ಟುವ ರೋಗವುಂಟಾಗಬಹುದು. ನೀರನ್ನು ಕುದಿಸಿದರೆ ನೈಟ್ರೇಟು ಹೋಗುವುದಿಲ್ಲ, ನೀರು ಬತ್ತಿದಂತೆಲ್ಲ ಅದರ ಪ್ರಮಾಣವು ಏರುವುದು. ಔಷಧಿ ಸಿಂಪಡಿಸಿದ ಪಂಪನ್ನು ನಾಲೆಯಲ್ಲಿಯೋ ಕೆರೆಯ ಸೋಪಾನದಲ್ಲಿಯೋ ತೊಳೆಯುವುದಂತೂ ಸರ್ವಥಾ ನಿಷಿದ್ಧ.

ಕೊಳಾಯಿಯ ದಾರಿ

ನೀರಿನ ಮೂಲವು ಶುದ್ಧವಾಗಿದ್ದರೂ ಮನೆಗೆ ಬರುವಷ್ಟರಲ್ಲಿ ಕೆಡುವುದುಂಟು. ಹಳ್ಳಿಯ ಕೊಳಾಯಿಗಳಲ್ಲಿ ನೀರು ದಿನಕ್ಕೆ ಒಂದೆರಡು ಗಂಟೆ ಮಾತ್ರ ಹರಿಯುವುದು. ಪಂಪು ನಿಂತ ಕೂಡಲೆ ತಗ್ಗಿನ ಕಡೆಗೆ ನೀರು ಇಳಿದು ಕೊಳವೆಯೊಳಗೆ ಹೀರುವ ಶಕ್ತಿಯುಂಟಾಗುವುದು. ಆ ಸಮಯದಲ್ಲಿ ಕೊಳವೆಯ ಸೀಳು ಚರಂಡಿಯ ನೀರಿನಲ್ಲಿ ಮುಳುಗಿದ್ದರೆ ಚರಂಡಿಯೇ ಒಳಗೆ ಬರುವುದು. ಮಾರನೆಯ ದಿನ ಮೊದಲು ಬಿಂದಿಗೆ ಹಿಡಿದ ಮನೆಗೆ ಅದೇ ನೀರು. ನೀರು ರಭಸವಾಗಿ ಬರಲೆಂದು ನಲ್ಲಿಯನ್ನು ನೆಲದ ಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿ ಇಡುವ ಅಭ್ಯಾಸವು ಇದಕ್ಕಿಂತಲೂ ಅಪಾಯಕರ. ಮಳೆ ಬಂದಾಗ ಆ ಗುಂಡಿ ತುಂಬಿ ನಲ್ಲಿಯ ಬಾಯಿ ಕೆಸರಿನಲ್ಲಿ ಮುಳುಗುವುದು. ಇಂತಹ ಗುಂಡಿನಲ್ಲಿಗಳು ಮುಖಂಡರ ಮನೆಯಂಗಳದಲ್ಲಿಯೇ ಇದ್ದರೆ ಊರಿನಲ್ಲಿ ಮುಚ್ಚಿಸುವುದು ಹೇಗೆ?

ಕೆಟ್ಟು ನಿಂತ ಕೊಳವೆ ಬಾವಿಗಳ ಬಾಯನ್ನು ಭದ್ರವಾಗಿ ಮುಚ್ಚಬೇಕು. ಮಕ್ಕಳು ಬೀಳುವ ಭಯವೊಂದೇ ಅಲ್ಲ, ಬೀದಿಯ ನೀರು ನೇರವಾಗಿ ಅಂತರ್ಜಲಕ್ಕೆ ಇಳಿಯಲು ಅದಕ್ಕಿಂತ ಸುಲಭವಾದ ದಾರಿ ಇನ್ನಿಲ್ಲ. ನೀರು ಇಂಗಿಸುವ ಗುಂಡಿಗಳು ಉಪಕಾರಿಯಾದರೂ, ಚರಂಡಿಯ ನೀರನ್ನು ಮರಳು ಜಲ್ಲಿಗಳಲ್ಲಿ ಸೋಸದೆ ಕುಡಿಯುವ ನೀರಿನ ಬಾವಿಯ ಪಕ್ಕದಲ್ಲಿ ಇಂಗಿಸುವುದು ವಿಪರೀತವಾದುದು. 1999ನೆಯ ಅಂತರ್ಜಲ ಕಾಯಿದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅಪ್ಪಣೆಯಿಲ್ಲದೆ ಹೊಸ ಬಾವಿಯನ್ನು ತೆಗೆಯಕೂಡದೆಂಬುದನ್ನೂ ಭೂಮಾಲೀಕರು ನೆನಪಿನಲ್ಲಿಡತಕ್ಕದ್ದು.

ಕೆನಡಾ ದೇಶದ ಒಂದು ದೃಷ್ಟಾಂತ

ಆಂಟೇರಿಯೋ ಪ್ರಾಂತದ ವಾಕರ್ಟನ್ ಎಂಬ, ಐದು ಸಾವಿರಕ್ಕೆ ಸ್ವಲ್ಪ ಕಡಮೆ ಜನವಸತಿಯ ಊರಿನಲ್ಲಿ 2000ನೆಯ ಮೇ ತಿಂಗಳಲ್ಲಿ ನಡೆದ ಸಂಗತಿಯು ನಮ್ಮ ರೈತರೂ ತಿಳಿಯತಕ್ಕದ್ದಾಗಿದೆ. ಅಲ್ಲಿನ ಒಂದು ಬಾವಿಯು ಆಳವಿಲ್ಲದ್ದಾಗಿದ್ದು ಬಿರುಕುಬಿಟ್ಟ ಬಂಡೆಯಲ್ಲಿತ್ತು. ಪಕ್ಕದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಲ್ಲಿನ ರೋಗಾಣುವು ಭಾರಿ ಮಳೆಯಲ್ಲಿ ಕೊಚ್ಚಿ ಬಾವಿಯನ್ನು ಸೇರಿತು. ಏಳು ಜನರು ಸತ್ತರು. 2,300ಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರು. ತರುವಾಯ ನ್ಯಾಯಾಧೀಶರು ನಡೆಸಿದ ವಿಚಾರಣೆಯಲ್ಲಿ ಎರಡು ವಿಷಯಗಳು ಹೊರಬಿದ್ದುವು. ಹೊಲದ ಯಜಮಾನನು ಗೊಬ್ಬರವನ್ನು ಕ್ರಮವಾಗಿಯೇ ಹಾಕಿದ್ದನು, ಅವನ ಮೇಲೆ ತಪ್ಪಿಲ್ಲ. ಆದರೆ ನೀರಿನ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವರು ಕ್ಲೋರಿನನ್ನು ಸಾಕಷ್ಟು ಹಾಕದೆ, ಪ್ರತಿದಿನ ಅಳೆಯದೆ, ಅಳೆದಂತೆ ಪುಸ್ತಕದಲ್ಲಿ ಸುಳ್ಳು ಅಂಕಿಗಳನ್ನು ಬರೆಯುತ್ತಿದ್ದರು.

ರೈತನು ನಿಯಮದಂತೆ ನಡೆದರೂ ಬಾವಿಯು ತಪ್ಪು ಸ್ಥಳದಲ್ಲಿದ್ದು ಔಷಧಿ ಹಾಕುವವನು ಆಲಸಿಯಾದರೆ ಊರು ಉಳಿಯದು. ಇದಕ್ಕೆ ಪ್ರತಿಯಾಗಿ, ಔಷಧಿಯನ್ನು ನಂಬಿಕೊಂಡು ತಿಪ್ಪೆಯನ್ನು ಬಾವಿಯ ಮಗ್ಗುಲಲ್ಲಿ ಬಿಟ್ಟರೂ ಅಷ್ಟೇ. ಕೆಸರು ಮತ್ತು ಸಗಣಿಯು ಕ್ಲೋರಿನನ್ನು ನುಂಗಿಬಿಡುವುವು.

ಪರೀಕ್ಷೆ ಮತ್ತು ಔಷಧಿ

ತೆರೆದ ಬಾವಿಗೆ ಸುತ್ತಲೂ ಕನಿಷ್ಠ ಒಂದು ಮೀಟರು ಅಗಲದ ಸಿಮೆಂಟಿನ ಕಟ್ಟೆ, ಎರಡೂವರೆ ಅಡಿಯಷ್ಟು ಎತ್ತರದ ಗೋಡೆ, ಚೆಲ್ಲಿದ ನೀರು ದೂರ ಹೋಗಲು ಕಾಲುವೆ ಇರಬೇಕು. ಔಷಧಿಯ ಲೆಕ್ಕವು ಕಷ್ಟವಾದುದಲ್ಲ. ಉತ್ತಮ ಬ್ಲೀಚಿಂಗ್ ಪುಡಿಯು ತಿಳಿನೀರಿಗೆ 1,000 ಲೀಟರಿಗೆ ಎರಡೂವರೆ ಗ್ರಾಮಿನಂತೆ ಬೇಕಾಗುವುದು. ಬಾವಿಯ ವ್ಯಾಸವು 3 ಮೀಟರು, ನೀರಿನ ಆಳವು 4 ಮೀಟರು ಇದ್ದರೆ ನೀರು ಸುಮಾರು 28,000 ಲೀಟರು. ಪುಡಿ ಸುಮಾರು 70 ಗ್ರಾಂ. ಇದನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಕದಡಿ, ಮತ್ತೆ ಬಕೆಟ್ಟು ನೀರಿಗೆ ಸೇರಿಸಿ, ಸುಣ್ಣವು ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಬಿಟ್ಟು ಕಲಕಬೇಕು. ಒಂದು ಗಂಟೆಯ ವರೆಗೆ ನೀರು ಸೇದಕೂಡದು. ಮಳೆಯಲ್ಲಿ ಬಗ್ಗಡವಾದ ನೀರಿಗೆ ಈ ಪ್ರಮಾಣವು ಸಾಲದು. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪುಡಿಯಲ್ಲಿ ವಾಸನೆ ಉಳಿದಿರಬಹುದು, ಸತ್ತ್ವ ಉಳಿದಿರುವುದಿಲ್ಲ.

ಪುಡಿಯು ಕೆಲಸ ಮಾಡಿತೇ ಎಂಬುದನ್ನು ತೊಟ್ಟಿಯ ಹತ್ತಿರವಲ್ಲ, ಊರಿನ ಕಟ್ಟಕಡೆಯ ನಲ್ಲಿಯಲ್ಲಿ ನೋಡತಕ್ಕದ್ದು. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಮಾದರೂ ಕ್ಲೋರಿನು ಮಿಕ್ಕಿರಬೇಕು. ಪರೀಕ್ಷಾ ದ್ರಾವಣದ ಹನಿಗಳನ್ನು ಹಾಕಿದರೆ ನೀರು ಹಳದಿಯಾಗುವುದರಿಂದ ಇದು ತಿಳಿಯುವುದು. ಮಾನಕದ ಪ್ರಕಾರ 100 ಮಿಲಿಲೀಟರು ನೀರಿನಲ್ಲಿ ಮಲದ ಸಂಪರ್ಕವನ್ನು ಸೂಚಿಸುವ ಇ-ಕೋಲೈ ರೋಗಾಣು ಒಂದೂ ಕಾಣಕೂಡದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ನಿಬಂಧನೆಗಳಲ್ಲಿ ಪ್ರತಿಯೊಂದು ಮೂಲವನ್ನೂ ವರ್ಷಕ್ಕೆ ಒಮ್ಮೆ ರಾಸಾಯನಿಕವಾಗಿಯೂ, ಮಳೆಗೆ ಮುಂಚೆ ಒಂದು ಸಲ ಮಳೆಯ ತರುವಾಯ ಒಂದು ಸಲ ರೋಗಾಣುಗಳಿಗಾಗಿಯೂ ಪರೀಕ್ಷಿಸಬೇಕೆಂದೂ, ಪ್ರತಿ ಗ್ರಾಮದಲ್ಲಿ ಐದು ಜನ ಸ್ತ್ರೀಯರಿಗೆ ಈ ಪರೀಕ್ಷೆಯನ್ನು ಕಲಿಸಬೇಕೆಂದೂ ಇದೆ. ರೋಗಾಣು ಪರೀಕ್ಷೆಯ ಸೀಸೆಯಲ್ಲಿ ನೀರು ಒಂದೆರಡು ದಿನಗಳಲ್ಲಿ ಕಪ್ಪಗಾದರೆ ಆ ನೀರನ್ನು ಕುಡಿಯಕೂಡದು. ನೀರು ಹೊರುವವರು ಸ್ತ್ರೀಯರೇ ಆದ್ದರಿಂದ ಈ ಏರ್ಪಾಡು ಯುಕ್ತವಾದುದು. ಆದರೆ ಸೀಸೆ ಕಪ್ಪಾಯಿತೆಂದು ಆಕೆ ಹೇಳಿದ ದಿನವೇ ಪಂಪನ್ನು ನಿಲ್ಲಿಸುವ ಅಧಿಕಾರವುಳ್ಳವರು ಕಿವಿಗೊಡದಿದ್ದರೆ ಪರೀಕ್ಷೆಯಿಂದ ಏನೂ ಫಲವಿಲ್ಲ.

2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಆದಂತೆ ಕಪಿಲೆಯು ಉಕ್ಕಿ ತಗ್ಗಿನ ಪ್ರದೇಶಗಳಿಗೆ ನುಗ್ಗಿದಾಗ ಈ ವಾಡಿಕೆಯ ಪರೀಕ್ಷೆಗಳಿಗಾಗಿ ಕಾಯಕೂಡದು. ಮುಳುಗಿದ ಬಾವಿಯ ನೀರನ್ನು ಪೂರ್ತಿಯಾಗಿ ಹೊರಹಾಕಿ, ಗೋಡೆಯನ್ನು ಬ್ಲೀಚಿಂಗ್ ನೀರಿನಿಂದ ತಿಕ್ಕಿ ತೊಳೆದು, ಹೊಸದಾಗಿ ಊರಿದ ನೀರಿಗೆ ಔಷಧಿಯನ್ನು ಹಾಕಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಉತ್ತರ ಬರುವವರೆಗೆ ಜನರು ನೀರನ್ನು ಕುದಿಸಿಯೇ ಕುಡಿಯುವಂತೆ ಡಂಗುರ ಹಾಕಿಸಬೇಕು. ಮಾದರಿಯ ಸೀಸೆಯು ಪ್ರಯೋಗಾಲಯದವರೇ ಕೊಟ್ಟ ಕ್ರಿಮಿರಹಿತವಾದುದಾಗಿರಬೇಕು. ಅದರ ಬಾಯಿಗೆ ಬೆರಳು ತಾಗಕೂಡದು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲಪಿಸತಕ್ಕದ್ದು. ಯಾವ ಬಾವಿಯದು, ಯಾವ ದಿನ, ಎಷ್ಟು ಗಂಟೆಗೆ ತೆಗೆದುದು ಎಂಬ ಚೀಟಿಯಿಲ್ಲದ ಸೀಸೆಯ ವರದಿಯು ಯಾವ ಬಾವಿಗೂ ಉಪಯೋಗವಾಗುವುದಿಲ್ಲ.