ಸಂಜೆ ಇಳಿಯುವ ರೆಪ್ಪೆಗೆ ಪ್ರೋಟೀನ್ ಪುಡಿ ಮದ್ದಲ್ಲ

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 48 ವರ್ಷ, ಬೀಡಿ ಕಟ್ಟುತ್ತಾರೆ. ಬೆಳಿಗ್ಗೆ ಚುರುಕಾಗಿಯೇ ಇರುತ್ತಾರೆ. ಮಧ್ಯಾಹ್ನ ಕಳೆದರೆ ಬೆರಳಿಗೆ ಕೂಡುವುದಿಲ್ಲ, ಎಡಗಣ್ಣಿನ ರೆಪ್ಪೆ ಇಳಿಯುತ್ತದೆ, ರಾತ್ರಿ ಅನ್ನ ಜಗಿಯಲೂ ಕಷ್ಟ. ಮಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿ ‘ಮಯಸ್ತೇನಿಯಾ ಗ್ರಾವಿಸ್’ ಎಂದರು. ನರ, ಸ್ನಾಯು ಸೇರುವಲ್ಲಿ ಪ್ರೋಟೀನ್ ಹಾಳಾಗಿದೆಯಂತೆ. ಮೊಟ್ಟೆ, ಹುರುಳಿ, ಪ್ರೋಟೀನ್ ಪುಡಿ ಕೊಟ್ಟರೆ ಸರಿಹೋದೀತೇ?
– ಓದುಗರು, ನರಿಕೊಂಬು

ಉತ್ತರ: ಮೊಟ್ಟೆ, ಹುರುಳಿ ಧಾರಾಳವಾಗಿ ಕೊಡಿ. ಪುಡಿಗೆ ಹಾಕುವ ದುಡ್ಡನ್ನು ಮಾತ್ರೆಗೆ ಇಟ್ಟುಕೊಳ್ಳಿ. ಅಮ್ಮನ ಕಾಯಿಲೆ ಊಟದ ಕೊರತೆಯಿಂದ ಬಂದದ್ದಲ್ಲ. ಅವರ ದೇಹವೇ ಕಟ್ಟಿದ ಒಂದು ಪ್ರೋಟೀನನ್ನು ಅವರದ್ದೇ ರೋಗನಿರೋಧಕ ಶಕ್ತಿ ಹೊಡೆಯುತ್ತಿದೆ.

ನರದ ತುದಿ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಒಂದು ಮಿಲಿಮೀಟರಿನ ಸುಮಾರು 20,000ದಲ್ಲೊಂದು ಪಾಲಿನಷ್ಟು ಸಂದು ಇದೆ. ನರ ಬಿಟ್ಟ ಅಸಿಟೈಲ್‌ಕೋಲಿನ್ ಅದನ್ನು ದಾಟಿ ಸ್ನಾಯುವಿನ ಗ್ರಾಹಕಗಳಿಗೆ ತಾಗಿದಾಗ ಬೆರಳು ಮಡಚುತ್ತದೆ. ಗ್ರಾಹಕಗಳು ಅಲ್ಲಲ್ಲಿ ಚದುರಿದ್ದರೆ ಸಾಲದು, ನರದ ತುದಿಗೆ ಎದುರಾಗಿ ಒತ್ತೊತ್ತಾಗಿ ಇರಬೇಕು. ಈ ಏರ್ಪಾಡು ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಶುರುವಾಗುತ್ತದೆ. ನರ ‘ಅಗ್ರಿನ್’ ಎಂಬ ಪ್ರೋಟೀನನ್ನು ಬಿಡುತ್ತದೆ, ಸ್ನಾಯುವಿನ ‘ಎಲ್‌ಆರ್‌ಪಿ4’ ಅದನ್ನು ಹಿಡಿದು ‘ಮಸ್ಕ್’ ಅನ್ನು ಎಚ್ಚರಿಸುತ್ತದೆ, ‘ಡಾಕ್7’ ಜೊತೆಗೂಡುತ್ತದೆ, ಕೊನೆಗೆ ‘ರ‍್ಯಾಪ್ಸಿನ್’ ಗ್ರಾಹಕಗಳನ್ನು ಒಂದೆಡೆ ಹಿಡಿದಿಡುತ್ತದೆ. ಇವುಗಳ ವಂಶವಾಹಿಯಲ್ಲೇ ದೋಷವಿದ್ದರೆ ಮಗು ಹುಟ್ಟಿನಿಂದಲೇ ಸೋಲುತ್ತದೆ: ರೆಪ್ಪೆ ಇಳಿದಿರುತ್ತದೆ, ಹಾಲು ಚೀಪಲು ಆಗುವುದಿಲ್ಲ. ಅಂಥ ಮಗು ನಿಮ್ಮ ನೆರೆಕರೆಯಲ್ಲಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಲು ಹೇಳಿ. ಯಾವ ಪ್ರೋಟೀನು ಎಂದು ಗೊತ್ತಾಗುವುದು ಬಹಳ ಮುಖ್ಯ. ಡಾಕ್7 ದೋಷವಿರುವವರಿಗೆ ನಿಮ್ಮ ಅಮ್ಮನ ಪಿರಿಡೋಸ್ಟಿಗ್ಮಿನ್ ಮಾತ್ರೆ ಕೊಟ್ಟರೆ ಸುಸ್ತು ಹೆಚ್ಚಬಹುದು; ದಮ್ಮಿಗೆ ಕೊಡುವ ಸಾಲ್ಬ್ಯುಟಮಾಲ್ ಅವರನ್ನು ಎದ್ದು ನಡೆಯುವಂತೆ ಮಾಡಿದ್ದುಂಟು.

ಅಮ್ಮನಲ್ಲಿ ಏಟು ಬೀಳುತ್ತಿರುವುದು ಹೆಚ್ಚಾಗಿ ಗ್ರಾಹಕಕ್ಕೇ. 1973ರಲ್ಲಿ ಅಮೆರಿಕದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ವಿದ್ಯುತ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ, ಅವುಗಳ ದೇಹ ಅದರ ವಿರುದ್ಧ ಪ್ರತಿಕಾಯ ಹುಟ್ಟಿಸಿ ತನ್ನದೇ ಸ್ನಾಯುಗಳನ್ನು ಸೋಲಿಸಿತು. ಈ ಕಾಯಿಲೆಯ ಗುಟ್ಟು ತಿಳಿದದ್ದು ಹಾಗೆ. ಅಡಿಕೆ ತೋಟದಲ್ಲಿ ನಾಗರಹಾವು ಕಚ್ಚಿದವರಿಗೂ ಮೊದಲು ರೆಪ್ಪೆ ಇಳಿಯುವುದನ್ನು ನೀವು ಕೇಳಿರಬಹುದು. ಆ ವಿಷ ಅಂಟಿಕೊಳ್ಳುವುದೂ ಇದೇ ಗ್ರಾಹಕಕ್ಕೆ.

ಪಿರಿಡೋಸ್ಟಿಗ್ಮಿನ್ ಮಾತ್ರೆ ಅಸಿಟೈಲ್‌ಕೋಲಿನ್ ಬೇಗ ಕರಗಿಹೋಗದಂತೆ ತಡೆಯುತ್ತದೆ. ಅದರ ಬಲ ಮೂರು ನಾಲ್ಕು ಗಂಟೆ ಮಾತ್ರ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ಜಗಿಯಲು, ನುಂಗಲು ಸುಲಭ. ಪ್ರತಿಕಾಯ ತಗ್ಗಿಸಲು ಸ್ಟಿರಾಯ್ಡ್ ಮುಂತಾದವು ಬೇಕಾಗಬಹುದು, ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಎದೆಯ ಸಿಟಿ ಸ್ಕ್ಯಾನ್ ಆಗಿಲ್ಲವಾದರೆ ಮಾಡಿಸಿ. ಕೆಲವರಲ್ಲಿ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಮುಖ್ಯ. ಜ್ವರ ಬಂತೆಂದು ಮೆಡಿಕಲ್ ಶಾಪಿನಿಂದ ಅಜಿತ್ರೋಮೈಸಿನ್, ಸಿಪ್ರೊಫ್ಲೋಕ್ಸಸಿನ್ ತಂದು ಕೊಡಬೇಡಿ. ಜೆಂಟಾಮೈಸಿನ್ ಇಂಜೆಕ್ಷನ್ನೂ ಬೇಡ. ಇವು ಅದೇ ಸಂದಿನಲ್ಲಿ ಸಂದೇಶವನ್ನು ಇನ್ನಷ್ಟು ಕುಗ್ಗಿಸುತ್ತವೆ. ಯಾವ ಡಾಕ್ಟರಲ್ಲಿಗೆ ಹೋದರೂ, ಹಲ್ಲು ಕೀಳಿಸಲಿಕ್ಕೇ ಆದರೂ, ಕಾಯಿಲೆಯ ಹೆಸರು ಬರೆದ ಚೀಟಿ ತೋರಿಸಿ. ಅಮ್ಮನಿಗೆ ಮಲಗಿದಾಗ ಉಸಿರು ಕಟ್ಟಿದರೆ, ನೀರು ಮೂಗಿಗೆ ಬಂದರೆ, ಒಂದೇ ಉಸಿರಿನಲ್ಲಿ 20ರವರೆಗೆ ಎಣಿಸಲಾಗದಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ.